ಎಡಗಾಲಿಗೊಂದು ಜಾಗ

ನಾನು ಕೊಂಡ ಹೊಸ ಕಾರಿಗೆ ಕ್ಲಚ್ ಇಲ್ಲವೆಂಬುದು ತಿಳಿದ ದಿನ ನನ್ನ ಅಣ್ಣ ಅದಕ್ಕೆ ಒಂದು ಸುತ್ತು ಬಂದ. ಬಾಗಿಲು ತೆರೆದು ಬಗ್ಗಿ ನೋಡಿದ. ಒಳಗೆ ಕೂರಲಿಲ್ಲ.

"ಎರಡಾ ಪೆಡ್ಲು ಅದಾವಲ್ಲ ತಂಗಿ. ಮೂರನೇದು ಕೊಡಾಕ ಮರ್ತಾರೇನು?"

"ಇದಕ್ಕ ಬೇಕಾಗಂಗಿಲ್ಲಣ್ಣ. ಗೇರು ತಾನಾ ಬದಲಾಗ್ತೈತಿ."

"ಹಂಗಾರ ನೀ ಯಾಕ ಬೇಕು? ಹಿಂದ ಕುಂದ್ರು, ಅದಾ ಹೋಗ್ತೈತಿ."

ಅವನ ಅಸಮಾಧಾನಕ್ಕೆ ಕಾರಣವಿತ್ತು. ಮೂವತ್ತು ವರ್ಷ ಲಾರಿ ಓಡಿಸಿದ ಅವನು, ಈ ಕಾರು ಬರುವ ಮೊದಲು, ಎರಡು ತಿಂಗಳು ಪಟ್ಟು ಹಿಡಿದು ನನಗೆ ಒಂದು ಹಳೆಯ ಜೀಪಿನಲ್ಲಿ ಗೇರು ಹಾಕುವುದನ್ನು ಕಲಿಸಿದ್ದ. ಇಪ್ಪತ್ತನಾಲ್ಕು ವರ್ಷ ಶಾಲೆಯಲ್ಲಿ ಕನ್ನಡ ಪಾಠ ಮಾಡಿ, ಈಚೆಗಷ್ಟೇ ತರಗತಿ ಬಿಟ್ಟು ಹಡಗಲಿಯ ಕಚೇರಿಯೊಂದನ್ನು ಸೇರಿದ್ದ ನಾನು ಯಾವ ವಿದ್ಯೆಯನ್ನೂ ಬರೆದುಕೊಳ್ಳದೆ ಕಲಿತವಳಲ್ಲ. ಕ್ಲಚ್ಚನ್ನು ಪೂರ್ತಿ ಒತ್ತುವುದು, ಗೇರು ಬದಲಿಸುವುದು, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಆಕ್ಸಿಲರೇಟರನ್ನು ಅಷ್ಟೇ ನಿಧಾನವಾಗಿ ಒತ್ತುವುದು ಎಂದು ಕ್ರಮವಾಗಿ ಬರೆದು ಬಾಯಿಪಾಠ ಮಾಡಿದ್ದೆ. ಜೀಪು ಮಾತ್ರ ನನ್ನ ಕ್ರಮವನ್ನು ಒಪ್ಪದೆ ಮತ್ತೆ ಮತ್ತೆ ನಿಂತುಹೋಗುತ್ತಿತ್ತು.

"ಪುಸ್ತಕ ಓದಬ್ಯಾಡ, ಗಾಡಿ ಮಾತು ಕೇಳು," ಎನ್ನುತ್ತಿದ್ದ ಅಣ್ಣ. "ಅದು ಗೇರು ಕೇಳ್ತೈತಿ. ಆವಾಗ ಕೊಡು."

ನನಗೆ ಅದು ಕೇಳಿಸಲೇ ಇಲ್ಲ. ಹಗರಿಬೊಮ್ಮನಹಳ್ಳಿಯ ರೈಲ್ವೆ ಗೇಟಿನ ನಡುವೆ ಜೀಪು ನಿಂತು, ಹಿಂದೆ ಎರಡು ಬಸ್ಸುಗಳು ಹಾರ್ನ್ ಒತ್ತುತ್ತಿದ್ದ ಮಧ್ಯಾಹ್ನ, ಇನ್ನು ಈ ವಿದ್ಯೆ ಸಾಕೆಂದು ತೀರ್ಮಾನಿಸಿದೆ. ಕೆಲವೇ ವಾರಗಳಲ್ಲಿ ಆಟೋಮ್ಯಾಟಿಕ್ ಕಾರು ಮನೆಗೆ ಬಂತು. ಹಡಗಲಿಗೆ ದಿನವೂ ನಾನೇ ಓಡಿಸಿಕೊಂಡು ಹೋಗಿಬರತೊಡಗಿದೆ. ಅಣ್ಣ ಅದನ್ನು 'ನಿನ್ನ ತೊಟ್ಟಿಲು' ಎಂದು ಕರೆಯುತ್ತಿದ್ದ.

ಮರುವರ್ಷ ಅವನ ಎಡಮಂಡಿ ಊದಿಕೊಂಡಿತು. ಲಾರಿಯ ಕ್ಲಚ್ಚು ಕಾರಿನದರಂತೆ ಮೆತ್ತಗಿರುವುದಿಲ್ಲ. ಊರೊಳಗಿನ ಸಂದಣಿಯಲ್ಲಿ ಒಂದು ಫರ್ಲಾಂಗು ಸಾಗುವಷ್ಟರಲ್ಲಿ ಅದನ್ನು ಎಷ್ಟು ಸಲ ಒತ್ತಬೇಕೋ ಓಡಿಸಿದವರಿಗೇ ಗೊತ್ತು. ಮಂಡಿ ಸವೆದಿದೆ, ಇನ್ನು ಆ ಕೆಲಸ ಬೇಡ ಎಂದರು ವೈದ್ಯರು. ಅಣ್ಣ ದುಡಿಯುತ್ತಿದ್ದುದು ಕೊಟ್ಟೂರಿನ ಲಾರಿ ಮಾಲೀಕರೊಬ್ಬರ ಬಳಿ. ಅವರು ಸಜ್ಜನರು. ಗೋದಾಮಿನ ಬಾಗಿಲಲ್ಲಿ ಕುಳಿತು, ಬಂದುಹೋಗುವ ಲಾರಿಗಳನ್ನು ನೋಡಿಕೊಂಡಿರಿ ಎಂದರು. ಅದೇ ವಾರ ಅಣ್ಣ ಕೂಡ್ಲಿಗಿಯ ತನ್ನ ಮನೆಯಿಂದ ಫೋನು ಮಾಡಿದ.

"ಕುರ್ಚಿ ಮ್ಯಾಲ ಕುಂತು ಮಂದಿ ಗಾಡಿ ಎಣಿಸ್ಲೇನು ತಂಗಿ?" ಎಂದ. ಮತ್ತೆ ತಾನೇ ಮುಂದುವರಿಸಿದ. "ಸಾವ್ಕಾರ್ರು ಹೊಸ ಲಾರಿ ತಂದಾರ. ಅದಕ್ಕೂ ನಿನ್ನ ತೊಟ್ಟಿಲಿನಂಗ ಎರಡಾ ಪೆಡ್ಲು. ತಿಂಗಳು ಬಿಟ್ಟು ಒಂದು ಟ್ರಯಲ್ ನೋಡ್ತೀನಿ ಅಂದಾರ. ಸರಿ ಓಡಿಸಿದ್ರ ಗಾಡಿ ನಂದು, ಇಲ್ಲಂದ್ರ ಕುರ್ಚಿ."

"ನನ್ನಿಂದ ಏನಾಗ್ಬೇಕಣ್ಣ?"

"ಕಲಿಸ್ಬೇಕು ಟೀಚರಮ್ಮ."

ಕೂಡ್ಲಿಗಿಯ ಹೊರಗೆ, ಹೆದ್ದಾರಿಗೆ ಹತ್ತಿಕೊಂಡಂತೆ, ರಸ್ತೆ ಹಾಕಿ ಸೈಟುಗಳಿಗೆ ಕಲ್ಲು ನೆಟ್ಟು ಒಂದೂ ಮನೆ ಏಳದ ಬಡಾವಣೆಯೊಂದಿದೆ. ಸಂಜೆ ಕಚೇರಿ ಮುಗಿಸಿ ಅಲ್ಲಿಗೆ ಹೋಗುತ್ತಿದ್ದೆ. ಮೊದಲ ದಿನ ಅಣ್ಣ ಸ್ಟೀರಿಂಗ್ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡ. ಗೇರಿನ ಹಿಡಿಯನ್ನೂ ಹಾಗೆಯೇ ಮುಟ್ಟಿ, ಅನುಮಾನದಿಂದ ಒಂದು ಕ್ಷಣ ತಡೆದು, ಅದಕ್ಕೂ ನಮಸ್ಕಾರ ಸಲ್ಲಿಸಿದ. ಕಾರು ಹೊರಟಿತು. ನೇರ ರಸ್ತೆಯಲ್ಲಿ ತೊಂದರೆಯಿರಲಿಲ್ಲ. ತಿರುವು ಬಂತು, ವೇಗ ತಗ್ಗಿಸಿದ. ಆಗ ಅವನ ಎಡಗಾಲು ಯಾರ ಅಪ್ಪಣೆಯನ್ನೂ ಕೇಳದೆ ಎದ್ದು, ಕ್ಲಚ್ಚಿರಬೇಕಾದ ಕಡೆಗೆ ಬಲವಾಗಿ ಬಿತ್ತು. ಸಿಕ್ಕಿದ್ದು ಬ್ರೇಕಿನ ಅಗಲವಾದ ಪೆಡ್ಲು. ಕಾರು ಗೋಡೆಗೆ ಗುದ್ದಿದಂತೆ ನಿಂತಿತು. ಸೀಟ್ ಬೆಲ್ಟ್ ನನ್ನನ್ನು ಹಿಡಿದುಕೊಂಡಿತು. ಹಿಂದಿನ ಸೀಟಿನಲ್ಲಿದ್ದ ಊಟದ ಡಬ್ಬಿಯನ್ನು ಹಿಡಿಯುವವರಿರಲಿಲ್ಲ.

ಅಣ್ಣ ತನ್ನ ಕಾಲನ್ನೇ ನೋಡಿದ. "ಇದು ನಾ ಅಲ್ಲ ತಂಗಿ," ಎಂದ ಮೆಲ್ಲಗೆ.

ನಾನು ನೋಟ್‌ಬುಕ್ ತೆಗೆದು ದಿನಾಂಕ ಹಾಕಿ, ಒಂದು ಗೆರೆ ಎಳೆದೆ. ಆ ಸಂಜೆ ಐದು ಗೆರೆಗಳಾದವು.

ತಪ್ಪು ಮಾಡುವ ಅಂಗವನ್ನು ಕಟ್ಟಿಹಾಕುವುದು ನನಗೆ ಗೊತ್ತಿದ್ದ ಉಪಾಯ. ಮರುದಿನ ಅವನ ಎಡಗಾಲನ್ನು ಹಿಂದಕ್ಕೆ ಮಡಿಸಿ, ಅವನದೇ ಟವೆಲಿನಿಂದ ಸೀಟಿನ ಬುಡಕ್ಕೆ ಕಟ್ಟಿದೆ. ಅವನು ನಗುತ್ತಲೇ ಕಟ್ಟಿಸಿಕೊಂಡ. "ಹೋರಿಗೆ ಹಿಂಗ ಕಟ್ತಾರ. ಇರ್ಲಿ, ನಡಿ." ಅಂದು ಒಂದು ಗೆರೆಯನ್ನೂ ಎಳೆಯಲಿಲ್ಲ. ನನಗೆ ಹಿಗ್ಗಾಯಿತು. ಬಿಚ್ಚಿದಾಗ ಮಂಡಿ ಬಿಗಿದುಕೊಂಡು ಅವನಿಗೆ ಕಾರಿನಿಂದ ಇಳಿಯಲೂ ಆಗಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಬಾಧಿಸಿದ್ದು ಆ ಅರ್ಧ ಗಂಟೆಯ ಅವನ ಓಡಿಸುವಿಕೆ. ಕಾಲನ್ನು ಕಟ್ಟಿದ್ದರಿಂದ ಅವನ ಕೈಗಳೂ ಕಟ್ಟಿದಂತಾಗಿ, ಕತ್ತು ಗಟ್ಟಿಯಾಗಿ, ಲೈಸೆನ್ಸಿಗೆ ಬಂದ ಹೊಸಬನಂತೆ ಓಡಿಸಿದ್ದ.

ಅಂಥ ಕತ್ತನ್ನು ನಾನು ಹಿಂದೊಮ್ಮೆ ಕಂಡಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎಡಗೈಯಲ್ಲಿ ಬರೆಯುತ್ತಿದ್ದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಅಕ್ಷರ ದುಂಡಾಗಬೇಕಾದರೆ ಬಲಗೈಯೇ ಆಗಬೇಕೆಂದು ನಂಬಿದ್ದ ನಾನು, ಅವಳ ಜಡೆಯ ರಿಬ್ಬನ್ನನ್ನೇ ಬಿಚ್ಚಿ ಎಡಗೈಯನ್ನು ಬೆಂಚಿಗೆ ಕಟ್ಟಿದ್ದೆ. ವರ್ಷ ಮುಗಿಯುವಷ್ಟರಲ್ಲಿ ಅವಳು ಬಲಗೈಯಲ್ಲಿ ಬರೆದಳು. ಅದನ್ನು ನಾನು ಹಲವರ ಮುಂದೆ ಹೇಳಿಕೊಂಡಿದ್ದೇನೆ. ಅವಳು ಅದುವರೆಗೆ ತರಗತಿಯಲ್ಲಿ ಎದ್ದು ನಿಂತು ಪದ್ಯ ಹೇಳುತ್ತಿದ್ದವಳು, ಅನಂತರ ಹೇಳಲಿಲ್ಲ. ಇದನ್ನು ಯಾರ ಮುಂದೆಯೂ ಹೇಳಿಲ್ಲ. ಆ ರಿಬ್ಬನ್ನು ಕೆಂಪು ಬಣ್ಣದ್ದೆಂಬುದು ಈಗಲೂ ನೆನಪಿದೆ.

ಎರಡು ದಿನ ಬಿಟ್ಟು ಬಂದಾಗ ಅಣ್ಣನ ಕಂಕುಳಲ್ಲಿ ದಪ್ಪಗೆ ಮಡಿಸಿ ಹೊಲಿದ ಗೋಣಿಚೀಲವಿತ್ತು. ಅದನ್ನು ಪೆಡ್ಲುಗಳಿಂದ ದೂರಕ್ಕೆ, ಎಡತುದಿಯ ಮೂಲೆಗೆ ಒತ್ತಿ ಇಟ್ಟ.

"ಕಟ್ಟೋದು ಬ್ಯಾಡ ತಂಗಿ. ಒತ್ತಬ್ಯಾಡ ಅಂದ್ರ ಅದು ಕೇಳಂಗಿಲ್ಲ. ಇಲ್ಲಿ ಒತ್ತು ಅಂತೀನಿ."

ಅಂದಿನಿಂದ ಅವನು ಪ್ರತಿ ತಿರುವಿನಲ್ಲೂ, ಪ್ರತಿ ಉಬ್ಬಿನಲ್ಲೂ, ಬೇಕೆಂದೇ ಎಡಗಾಲನ್ನು ಚೀಲದ ಮೇಲೆ ಒತ್ತಿದ. ಒತ್ತುವಾಗ ಮಂಡಿಗೆ ಭಾರವಿರಲಿಲ್ಲ. ಕೆಳಗೆ ಸ್ಪ್ರಿಂಗಿಲ್ಲ, ಬರೀ ಗೋಣಿ. ಕೈ ಮತ್ತೆ ಸಡಿಲವಾಯಿತು. ದಿಣ್ಣೆ ಏರುವಾಗ ತಲೆ ಓರೆ ಮಾಡಿ ಎಂಜಿನ್ನಿನ ದನಿ ಕೇಳಿ, "ಈಗ ಬದಲಾಗ್ತೈತಿ ನೋಡು," ಎನ್ನುವನು. ಹೇಳಿದ ಮರುಕ್ಷಣವೇ ಗೇರು ಬದಲಾಗುತ್ತಿತ್ತು. ಒಂದು ವರ್ಷಕ್ಕೂ ಮೇಲೆ ಅದೇ ಕಾರು ಓಡಿಸಿದ ನನಗೆ ಆ ಬದಲಾವಣೆ ಎಂದೂ ಕೇಳಿಸಿರಲಿಲ್ಲ. ಗೆರೆಗಳು ವಿರಳವಾದವು. ಆದರೆ ಪೂರ್ತಿ ನಿಲ್ಲಲಿಲ್ಲ.

ಟ್ರಯಲ್ಲಿನ ದಿನ ಕೊಟ್ಟೂರಿನಲ್ಲಿ ಮಾಲೀಕರು ನನ್ನನ್ನೂ ಲಾರಿ ಹತ್ತಿಸಿದರು. "ಬರ್ರಿ ಟೀಚರ್ರ, ಕಲಿಸಿದೋರು ಇರ್ಬೇಕು." ಕ್ಯಾಬಿನ್ನಿನಲ್ಲಿ ಮೂವರೇ. ಹಿಂದೆ ಅರ್ಧ ಲೋಡು. ಹರಪನಹಳ್ಳಿಗೆ ಹೋಗಿ ಇಳಿಸಬೇಕಿತ್ತು. ಅಣ್ಣ ಮೊದಲು ಗೋಣಿಚೀಲವನ್ನು ಮೂಲೆಗಿಟ್ಟು, ಅನಂತರ ಸ್ಟೀರಿಂಗಿಗೆ ಕೈಮುಗಿದ. ಮಾಲೀಕರು ಅದನ್ನು ನೋಡಿದರು.

ಅದು ಮೆಕ್ಕೆಜೋಳದ ಕಾಲ. ಚಿಗಟೇರಿಯ ಹತ್ತಿರ ಅರ್ಧ ರಸ್ತೆಗೆ ಕಾಳು ಹರವಿ, ಅಂಚಿಗೆ ಕಲ್ಲು ಜೋಡಿಸಿದ್ದರು. ಉಳಿದ ಅರ್ಧದಲ್ಲಿ ಎದುರಿನಿಂದ ಬಸ್ಸು ಬಂತು. ಅಣ್ಣನ ಎಡಗಾಲು ಎದ್ದಿತು. ಧಪ್ಪೆಂದು ಗೋಣಿಯ ಮೇಲೆ ಬಿತ್ತು. ಬಲಗಾಲು ತನ್ನ ಪಾಡಿಗೆ ಬ್ರೇಕನ್ನು ಹದವಾಗಿ ಒತ್ತಿತು. ಲಾರಿ ಕಲ್ಲಿನ ಸಾಲಿಗೆ ಗೇಣು ದೂರದಲ್ಲಿ ನಿಂತು, ಬಸ್ಸನ್ನು ಬಿಟ್ಟು, ಒಂದು ಕಾಳನ್ನೂ ತುಳಿಯದೆ ಮುಂದೆ ಸಾಗಿತು.

"ಏನದು ಚೀಲ?" ಎಂದರು ಮಾಲೀಕರು.

"ನನ್ನ ಎಡಗಾಲ್ದು ಸಾವ್ಕಾರ್ರ. ನಾ ಹೊಸ ಗಾಡಿಗೆ ಬಂದೀನಿ, ಅದಿನ್ನಾ ಹಳೇ ಗಾಡ್ಯಾಗ ಐತಿ."

"ಅದು ಚೀಲ ಬಿಟ್ಟು ಬ್ರೇಕಿನ ಮ್ಯಾಲ ಬಿದ್ರ?"

"ಮೊದಲ ಬೀಳ್ತಿತ್ತು. ಹತ್ತು ಹನ್ನೊಂದು ಸಲ ಬಿದ್ದಿರ್ಬೇಕು. ಈಗಿಲ್ಲ. ಕೇಳ್ರಿ ಆಕಿನ್ನ, ಬರ್ದಿಟ್ಟಾಳ."

ಮಾಲೀಕರು ನನ್ನತ್ತ ತಿರುಗಿದರು. ನೋಟ್‌ಬುಕ್ ನನ್ನ ಚೀಲದಲ್ಲೇ ಇತ್ತು. ಹೌದೆಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ರಸ್ತೆಯ ಮೇಲೆ ನಾಳೆ ಅವನ ಹಿಂದೆಯೂ ಮುಂದೆಯೂ ಜನ ಓಡಾಡುತ್ತಾರೆ.

"ಹದಿನಾಲ್ಕು ಸಲ," ಎಂದೆ. "ಕಡೇದು ಆಗಿ ಒಂಬತ್ತು ದಿನ ಆತು."

ಅಣ್ಣ ರಸ್ತೆಯಿಂದ ಕಣ್ಣು ತೆಗೆಯದೆ, "ಆಕಿ ಅಪ್ಪಗೂ ಪುಕ್ಕಟೆ ಮಾರ್ಕ್ಸ್ ಕೊಡಂಗಿಲ್ಲರಿ," ಎಂದ. ಮಾಲೀಕರು ನಗಲಿಲ್ಲ. ಹರಪನಹಳ್ಳಿ ಬರುವವರೆಗೂ ಅವನ ಕಾಲನ್ನೇ ನೋಡುತ್ತಾ ಕುಳಿತರು. ಅದು ಮತ್ತೆ ಮತ್ತೆ ಚೀಲದ ಮೇಲೇ ಬಿತ್ತು. ಇಳಿಯುವಾಗ ಹೇಳಿದರು:

"ದೂರದ ಲೈನ್ ಸದ್ಯ ಬ್ಯಾಡ. ಹರಪನಹಳ್ಳಿ, ಹಡಗಲಿ, ಇಷ್ಟಾ ಓಡಿಸ್ರಿ, ಹಗಲೊತ್ತು. ಟೀಚರ್ರ, ಒಂಬತ್ತು ದಿನ ಅಂದಿದ್ಕ ಕೊಟ್ಟೆ. ಒಂದು ಸಲನೂ ಆಗಿಲ್ಲ ಅಂದಿದ್ರ ಕೊಡ್ತಿರ್ಲಿಲ್ಲ."

ಈಗ ವಾರಕ್ಕೊಮ್ಮೆಯಾದರೂ ಅಣ್ಣನ ಲಾರಿ ಹಡಗಲಿಯ ನನ್ನ ಕಚೇರಿಯ ಮುಂದೆ ನಿಲ್ಲುತ್ತದೆ. ಮೊನ್ನೆ ಚಹಾ ಕೊಡಲು ಹೋದಾಗ ಒಳಗೆ ಇಣುಕಿದೆ. ಗೋಣಿಚೀಲ ಹಿಮ್ಮಡಿಯ ಅಗಲಕ್ಕೆ ಸವೆದು ತೂತಾಗಿತ್ತು. ಅದರ ಮೇಲೆ ಇನ್ನೊಂದನ್ನು ಹೊಲಿದಿದ್ದ.

"ಈಗರ ಬಿಡಬಹುದಲ್ಲಣ್ಣ ಚೀಲಾನ. ತಪ್ಪಾಗಿ ವರ್ಷ ಆತು."

"ಬಿಡಬಹುದು," ಎಂದ ಅವನು, ಚಹಾ ಊದುತ್ತಾ. "ಆದ್ರ ದುಡಿದ ಕಾಲು. ಅದಕ್ಕ ಕುರ್ಚಿ ಹಾಕಿ ನಾನಾ ಕುಂದ್ರಸ್ಲೇನು?"

ಲೋಟ ಕೊಟ್ಟು ಹತ್ತಿ ಕುಳಿತ. ಲಾರಿ ಹೊರಟಿತು. ಬಸ್ ನಿಲ್ದಾಣದ ತಿರುವಿನಲ್ಲಿ ಅದು ನಿಧಾನವಾದಾಗ, ಕಾಣದಿದ್ದರೂ, ಕಾಲು ಚೀಲದ ಮೇಲೆ ಬಿದ್ದದ್ದು ನನಗೆ ತಿಳಿಯಿತು.