ಭದ್ರಮ್ಮ ಕೇಳದೆ ಹೋದ ಪುಟಗಳು

ಭದ್ರಮ್ಮನಿಗೆ ಓದು ಬರುವುದಿಲ್ಲ. ಆದರೂ ಬಾಳ್ಳುಪೇಟೆಯ ನಮ್ಮ ಓದುವ ಬಳಗದಲ್ಲಿ ಪುಸ್ತಕದ ಹುಚ್ಚು ಅವರಷ್ಟು ಇನ್ಯಾರಿಗೂ ಇರಲಿಲ್ಲ. ನಗುವವರು ನಗಲಿ. ಬ್ಲೌಸಿನ ಅಳತೆ ತೆಗೆಯಲು ಹೋದಾಗ ಎಷ್ಟು ಬಂಗಲೆಗಳಲ್ಲಿ ನೋಡಿದ್ದೇನೆ, ಗಾಜಿನ ಬೀರು ತುಂಬ ಪುಸ್ತಕ, ಒಂದನ್ನೂ ಯಾರೂ ಮುಟ್ಟಿರುವುದಿಲ್ಲ. ಅಂಥವರಿಗಿಂತ ನಮ್ಮ ಭದ್ರಮ್ಮ ಎಷ್ಟೋ ವಾಸಿ.

ನಾನು ಡೆಲ್ಸಿ. ಹೈವೇ ಪಕ್ಕದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಭದ್ರಮ್ಮ ಹುಟ್ಟಿದ್ದು ಕಾಫಿ ಎಸ್ಟೇಟಿನ ಲೈನಿನಲ್ಲಿ, ಅಂದರೆ ಆಳುಗಳಿಗೆಂದು ಸಾಲಾಗಿ ಕಟ್ಟಿದ ಒಂದೊಂದೇ ಕೋಣೆಯ ಮನೆಗಳಲ್ಲಿ. ಮದುವೆಯಾಗಿದ್ದೂ ಅದೇ ಲೈನಿಗೆ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮಗಳು ರಶ್ಮಿತಾ ಹಾಸನದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿ ಅಲ್ಲೇ ಇದ್ದಾಳೆ. ಮೊಣಕಾಲು ಕೈಕೊಟ್ಟು ಹಣ್ಣು ಕೊಯ್ಯುವುದು ಆಗದೆ ಹೋದ ಮೇಲೆ ಭದ್ರಮ್ಮ ಆನೇಮಹಲಿನಲ್ಲಿ ಒಂದು ಪುಟ್ಟ ಮನೆ ಮಾಡಿಕೊಂಡು, ದಿನಾ ಬಸ್ಸಿನಲ್ಲಿ ನನ್ನ ಅಂಗಡಿಗೆ ಬಂದು ಸೀರೆಗೆ ಫಾಲ್ಸ್ ಹಚ್ಚುವುದು, ಬ್ಲೌಸಿಗೆ ಹುಕ್ಕು ಹೊಲಿಯುವುದು ಮಾಡತೊಡಗಿದರು. ಬಾಯಿ ಜೋರು. ಲಾರಿಯವನು ಅಂಗಡಿ ಮುಂದೆ ಹಾರನ್ ಬಾರಿಸಿದರೆ ಒಳಗಿನಿಂದಲೇ, “ನಿನ್ ಹೆಂಡ್ತಿ ಮುಂದೆ ಬಾರ್ಸೋ ಅದನ್ನ, ಧೈರ್ಯ ಇದ್ರೆ!” ಎಂದು ಕೂಗುತ್ತಿದ್ದರು.

ಬಳಗ ಶುರುವಾಗಿದ್ದು ಗಂಗಾಮಣಿಯವರಿಂದ. ಅವರ ಗಂಡ ಚಂದ್ರಶೇಖರ, ಭದ್ರಮ್ಮ ಕೆಲಸ ಮಾಡುತ್ತಿದ್ದ ಎಸ್ಟೇಟಿನಲ್ಲೇ ರೈಟರ್ ಆಗಿದ್ದವರು. ಹಾಜರಿ ಕರೆಯುವುದು, ಯಾರು ಯಾವ ಸಾಲಿನಲ್ಲಿ ಕೊಯ್ಯಬೇಕೆಂದು ಹೇಳುವುದು, ಸಂಜೆ ಹಣ್ಣು ತೂಗಿಸುವುದು, ಎಲ್ಲ ರೈಟರ್ ಕೈಯಲ್ಲೇ. ಅವರು ತೀರಿಹೋದ ಮೇಲೆ ಗಂಗಾಮಣಿ ಬಾಳ್ಳುಪೇಟೆಗೆ ಬಂದು ನೆಲೆಸಿದರು. ಒಂದು ದಿನ ಫಾಲ್ಸಿಗೆಂದು ಸೀರೆ ತಂದವರು ಕಾಯುತ್ತ ಕುಳಿತು, ಅಲ್ಲಿ ಬಿದ್ದಿದ್ದ ವಾರಪತ್ರಿಕೆಯ ಕತೆಯೊಂದನ್ನು ಗಟ್ಟಿಯಾಗಿ ಓದಿದರು. ಅಬ್ಬಬ್ಬಾ, ಏನು ಕಂಠ! ನನ್ನ ಮಿಷನ್ ತಾನಾಗಿ ನಿಂತಿತು. ಭದ್ರಮ್ಮ ಸೂಜಿ ಬೆರಳಿಗೆ ಚುಚ್ಚಿಕೊಂಡು, “ಆಮೇಲೆ? ಆಮೇಲೇನಾಯ್ತು?” ಎಂದರು. ಮುಂದಿನ ಭಾನುವಾರ ನಾನು ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಬರುವಷ್ಟರಲ್ಲಿ ಅಂಗಡಿ ಬಾಗಿಲಲ್ಲಿ ಐದಾರು ಹೆಂಗಸರು ನಿಂತಿದ್ದರು. ಇರುವುದು ಒಂದೇ ಪುಸ್ತಕ. ಗಂಗಾಮಣಿ ಓದುವುದು, ಮಿಕ್ಕವರು ಕೈಕೆಲಸ ಮಾಡುತ್ತ ಕೇಳುವುದು. ಅದೇ ನಮ್ಮ ಪದ್ಧತಿಯಾಯಿತು.

ಮೊದಮೊದಲು ಸಿಕ್ಕಿದ್ದನ್ನೆಲ್ಲ ಓದಿದೆವು. ಅರಮನೆ, ಯುದ್ಧ, ಬೊಂಬಾಯಿ, ಮರುಭೂಮಿ, ಏನೂ ಬಿಡಲಿಲ್ಲ. ಒಂದು ದಿನ ಭದ್ರಮ್ಮ ಸೀರೆ ಪಕ್ಕಕ್ಕಿಟ್ಟು ಕೇಳಿದರು.

“ಎಲ್ಲೆಲ್ಲೋ ಇರೋರ್ದೆಲ್ಲ ಕೇಳಿದ್ದಾಯ್ತು. ನಮ್ಮ ಕಡೇದು ಯಾರೂ ಬರ್ದಿಲ್ವಾ? ಈ ತೋಟ, ಈ ಘಾಟಿ, ಈ ಮಂಜು?”

“ಬರೆದಿದ್ದಾರೆ, ಬೇಕಾದಷ್ಟು,” ಎಂದೆ.

“ಹಂಗಾದ್ರೆ ಅದನ್ನೇ ತಗಂಬಾ ಕಣವ್ವ. ಒಂದರಲ್ಲಾದ್ರೂ ನಮ್ಮ ಲೈನ್ ಬಂದೇ ಬರ್ತೈತೆ. ನಮ್ಮವ್ವನಂಥೋಳು, ನನ್ನಂಥೋಳು, ಪುಸ್ತಕದಲ್ಲಿ ಹೆಂಗಿರ್ತೀವಿ ಅಂತ ಒಂದ್ಸಲ ಕೇಳ್ಬೇಕು ನನಗೆ. ಇನ್ನೇನೂ ಬ್ಯಾಡ.”

ಎಲ್ಲರೂ ಒಪ್ಪಿದೆವು. ಇನ್ನು ಮುಂದೆ ಕತೆ ನಡೆಯುವುದು ಕಾಫಿ ಸೀಮೆಯಲ್ಲೇ ಆಗಿರಬೇಕು, ಬೇರೆ ಯಾವ ಪುಸ್ತಕವೂ ಅಂಗಡಿಯೊಳಗೆ ಬರಕೂಡದು. ಇದೇನು ಮಹಾ ಅಂತೀರಾ? ಆರಿಸಲು ಕೂತರೆ ಗೊತ್ತಾಗುತ್ತದೆ. ಹೋಂಸ್ಟೇ ನಡೆಸುವ ದೀಪಶ್ರೀ ಮೊದಲ ವಾರವೇ ಲಂಡನ್ನಿನಲ್ಲಿ ನಡೆಯುವ ಕಾದಂಬರಿ ಹಿಡಿದುಕೊಂಡು ಬಂದಳು. “ಇದ್ರಲ್ಲಿ ಎಲ್ರೂ ಯಾವಾಗ್ಲೂ ಕಾಫಿ ಕುಡೀತಾನೇ ಇರ್ತಾರೆ ಕಣ್ರೀ.” “ಕುಡಿಯೋದಲ್ಲ ತಾಯಿ, ಬೆಳೆಯೋದು!” ಎಂದು ಗದರಿ ವಾಪಸು ಕಳಿಸಿದೆ. ಕೊಡಗಿನ ಕತೆ ನಮ್ಮದಾಗುತ್ತದೋ ಇಲ್ಲವೋ ಎಂದು ಜಗಳವೇ ಆಯಿತು. ಕೊನೆಗೆ ಭದ್ರಮ್ಮನೇ, “ಅಲ್ಲಿ ಕೊಯ್ಯೋರೂ ನಮ್ಮಂಥೋರೇ ತಾನೇ, ಇರ್ಲಿ ಬುಡ್ರಿ,” ಎಂದು ತೀರ್ಪು ಕೊಟ್ಟರು.

ಪುಸ್ತಕ ತರುವ ಕೆಲಸ ನನ್ನದು. ದಾರ, ಲೈನಿಂಗ್ ಬಟ್ಟೆ ತರಲು ಸಕಲೇಶಪುರಕ್ಕೆ ಹೋದಾಗ ಲೈಬ್ರರಿಗೆ ನುಗ್ಗಿ, ನಾಲ್ಕು ಪುಟ ತಿರುವಿ, ತೋಟ, ಮಂಜು, ಘಾಟಿ ಕಣ್ಣಿಗೆ ಬಿದ್ದರೆ ಸಾಕು, ಚೀಲಕ್ಕೆ ಹಾಕುತ್ತಿದ್ದೆ. ಪೂರ್ತಿ ಓದುತ್ತಿರಲಿಲ್ಲ. ಮೊದಲೇ ಓದಿಬಿಟ್ಟರೆ ಭಾನುವಾರ ಕೇಳುವುದರಲ್ಲಿ ಏನು ರುಚಿ? ಗಂಗಾಮಣಿ ಮಾತ್ರ ಪುಸ್ತಕವನ್ನು ಮನೆಗೆ ಒಯ್ಯುತ್ತಿದ್ದರು. “ಒಂದ್ಸಲ ಕಣ್ಣಾಡಿಸಿದ್ರೆ ಓದೋವಾಗ ನಾಲಿಗೆ ತಡವರಿಸಲ್ಲ,” ಎನ್ನುತ್ತಿದ್ದರು. ಅದೂ ನಿಜವೇ. ಅವರ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ.

ಒಂದಾದ ಮೇಲೊಂದು ಪುಸ್ತಕ ಮುಗಿಯಿತು. ಸಾಹುಕಾರರು ಬಂದರು, ಅವರ ಹೆಂಡಿರು ಬಂದರು, ಅಣ್ಣತಮ್ಮಂದಿರ ಪಾಲು ಪಂಚಾಯ್ತಿ ಬಂತು, ಹುಲಿ ಹೊಡೆಯುವ ದೊರೆ ಬಂದ, ಬೆಳದಿಂಗಳಲ್ಲಿ ಪ್ರೇಮ ಮಾಡುವವರಂತೂ ಸಾಲುಸಾಲಾಗಿ ಬಂದರು. ತೋಟದ ಹಣ್ಣು ಮಾತ್ರ ಯಾರೂ ಕೊಯ್ಯದೆ ತಾನಾಗಿಯೇ ಸ್ಟೋರ್ ಸೇರುತ್ತಿತ್ತು. ಪ್ರತಿ ವಾರ ಭದ್ರಮ್ಮ ಕೇಳುತ್ತಿದ್ದರು, “ಗಂಗಕ್ಕ, ಇವತ್ತಾದ್ರೂ ಬರ್ತಾರಾ ನಮ್ಮೋರು?”

ಗಂಗಾಮಣಿ ಕನ್ನಡಕ ತೆಗೆದು, “ಬರೆದೋರೇ ಬರೆದಿಲ್ಲ, ನಾನೇನ್ ಮಾಡ್ಲಿ ಭದ್ರಾ?” ಎನ್ನುತ್ತಿದ್ದರು. ಎಷ್ಟು ಮರುಕದಿಂದ ಹೇಳುತ್ತಿದ್ದರೆಂದರೆ ಆ ಬರೆಯುವವರ ಮೇಲೆ ನನಗೂ ಸಿಟ್ಟು ಬರುತ್ತಿತ್ತು.

ಅವರಿಬ್ಬರ ನಡುವೆ ಅಷ್ಟು ಸಲಿಗೆ ಬೆಳೆದಿತ್ತು. ಎಸ್ಟೇಟಿನಲ್ಲಿದ್ದಾಗ ರೈಟರ ಮನೆಯ ಮೆಟ್ಟಿಲು ಹತ್ತದಿದ್ದ ಭದ್ರಮ್ಮ ಈಗ ಅವರ ಅಡುಗೆಮನೆಯಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಹಬ್ಬಕ್ಕೆ ಕಡುಬು ಮಾಡಿದರೆ ಭದ್ರಮ್ಮನಿಗೊಂದು ಡಬ್ಬಿ ಬೇರೆಯೇ ಬರುತ್ತಿತ್ತು. “ನನ್ನ ಕಣ್ಣು ಅಂದ್ರೆ ಗಂಗಕ್ಕನೇ” ಎಂದು ಭದ್ರಮ್ಮ ಕಂಡಕಂಡವರ ಮುಂದೆ ಹೇಳುತ್ತಿದ್ದರು. ಒಂದು ದಿನ ಫೋನಿನಲ್ಲಿ ಮಗಳಿಗೆ ಹೇಳುವುದು ನನ್ನ ಕಿವಿಗೆ ಬಿತ್ತು: “ನಮ್ಮನ್ನ ಯಾರೂ ಬರ್ದಿಲ್ಲ ಕಣೇ ರಶ್ಮಿ. ಗಂಗಕ್ಕ ಎಲ್ಲಾ ಓದಿ ನೋಡವ್ರೆ. ಬರೆಯೋರ ಕಣ್ಣಿಗೆ ನಾವು ಕಾಣಲ್ಲ ಬುಡು.” ಹೇಳಿ ನಕ್ಕರು. ಆ ನಗು ನನಗೆ ಸೇರಲಿಲ್ಲ.

ಹೂಮಳೆ ಬಿದ್ದು, ಕಾಫಿ ಹೂವರಳಿ ತೋಟಗಳೆಲ್ಲ ಬೆಳ್ಳಗಾಗಿದ್ದ ದಿನಗಳು. ಭದ್ರಮ್ಮ ಬಸ್ಸಿಳಿಯುವಾಗ ಪಾದ ಉಳುಕಿಸಿಕೊಂಡು ಮನೆಯಲ್ಲೇ ಉಳಿದರು. ಬೇಜಾರು ಕಳೆಯಲಿ ಎಂದು ಒಂದು ಮಧ್ಯಾಹ್ನ ಹುಕ್ಕು ಹಾಕಬೇಕಿದ್ದ ಬ್ಲೌಸುಗಳ ಜತೆಗೆ ಒಂದು ಪುಸ್ತಕವನ್ನೂ ಒಯ್ದೆ. ಅವರೇ ಹೇಳಿ ತರಿಸಿಕೊಂಡಿದ್ದು. ನಮ್ಮ ಸೀಮೆಯದೆಂದು ನಾವು ಮೊಟ್ಟಮೊದಲು ಓದಿದ ಕಾದಂಬರಿ. ಅದರ ಶುರುವಿನಲ್ಲಿ ಬಸ್ಸೊಂದು ಮಂಜಿನೊಳಗೆ ಘಾಟಿ ಹತ್ತುತ್ತದೆ. ಅದನ್ನು ಇನ್ನೊಂದು ಸಲ ಕೇಳುವ ಆಸೆ ಅವರಿಗೆ.

ಬಸ್ಸು ಘಾಟಿ ಹತ್ತಿತು. ಮಂಜು ಕರಗಿತು. ನಾನು ಪುಟ ತಿರುವಿ ಓದುತ್ತಲೇ ಹೋದೆ. ಲೈನಿನ ಹೆಂಗಸೊಬ್ಬಳು ಕೂಸನ್ನು ಹಳೇ ಸೀರೆಯ ಜೋಲಿಯಲ್ಲಿ ಮಲಗಿಸಿ, ಜೋಲಿಯನ್ನು ಹಾಲುವಾಣದ ಮರದ ಕೊಂಬೆಗೆ ಕಟ್ಟಿ ಹಣ್ಣು ಕೊಯ್ಯುತ್ತಿದ್ದಾಳೆ. ಕೂಸು ಅಳುತ್ತದೆ. ಅವಳ ರವಿಕೆ ಹಾಲಿಗೆ ನೆನೆಯುತ್ತದೆ. ಕೆಳಗೆ ದಾರಿಯಲ್ಲಿ ನಿಂತ ರೈಟರು, ಸಾಲು ಮುಗಿಯುವವರೆಗೂ ಅಲ್ಲಾಡಬೇಡ ಎನ್ನುತ್ತಾನೆ. ಅವಳು ಕೊಯ್ಯುತ್ತಲೇ, ತಾನು ಇಲ್ಲೇ ಇದ್ದೇನೆಂದು ಕೂಸಿಗೆ ತಿಳಿಯಲಿ ಎಂದು, ಗಿಡಗಳ ನಡುವಿನಿಂದ ಅದರ ಹೆಸರು ಹಿಡಿದು ಕೂಗುತ್ತಲೇ ಇರುತ್ತಾಳೆ.

“ನಿಲ್ಸು,” ಎಂದರು ಭದ್ರಮ್ಮ. ತಲೆಯೆತ್ತಿ ನೋಡಿದರೆ ಕಣ್ಣಿಂದ ನೀರು ಧಾರಾಕಾರ. “ಇನ್ನೊಂದ್ಸಲ ಓದು.” ಓದಿದೆ. ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. “ನಾವಿದೀವಿ ಕಣೇ ಡೆಲ್ಸಿ! ನಾವೂ ಪುಸ್ತಕದಲ್ಲಿ ಇದೀವಿ! ನಾನೂ ಹಿಂಗೇ ಕೂಗ್ತಿದ್ದೆ ಕಣವ್ವ, ರಶ್ಮೀ ರಶ್ಮೀ ಅಂತ.” ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ.

ಆಮೇಲೆ ಆ ಮುಖ ನಿಧಾನವಾಗಿ ಬಾಡಿತು. “ಇದು ಅದೇ ಪುಸ್ತಕಾನಾ?”

ಅದೇ ಪುಸ್ತಕ, ಅದೇ ಪ್ರತಿ. ಹರಿದ ರಟ್ಟಿಗೆ ನಾನೇ ಹೂವಿನ ಚೀಟಿ ಬಟ್ಟೆ ಅಂಟಿಸಿದ್ದೆ. “ಅವತ್ತು ಇದು ಬರ್ಲಿಲ್ಲ,” ಎಂದರು. ಮರೆತಿರಬೇಕು, ಇಲ್ಲವೇ ಥಂಡಿಗೆ ಹಾಳೆಗಳು ಅಂಟಿಕೊಂಡಿರಬೇಕು ಎಂದು ನಾನು ಏನೇನೋ ಹೇಳಿದೆ. “ಇದನ್ನ ಮರೀತೀನಾ ನಾನು?” ಎಂದು ಒಂದೇ ಮಾತು ಕೇಳಿದರು. ಇಲ್ಲ. ನಾನೂ ಅವತ್ತು ಅಲ್ಲೇ ಕಾಜಾ ಹೊಲಿಯುತ್ತ ಕೂತಿದ್ದೆ. ನಾನೂ ಇದನ್ನು ಕೇಳಿರಲಿಲ್ಲ.

ಮಾರನೆಯ ದಿನವೇ ಸಕಲೇಶಪುರಕ್ಕೆ ಹೋಗಿ ನಾವು ಓದಿದ್ದ ಬೇರೆ ಪುಸ್ತಕಗಳನ್ನು ಹುಡುಕಿ ತೆಗೆಸಿದೆ. ಸುಳ್ಳು ಹೇಳಬಾರದು, ಬರೆದವರಲ್ಲಿ ಕೆಲವರು ನಿಜಕ್ಕೂ ಲೈನಿನ ಕಡೆ ತಿರುಗಿ ನೋಡಿರಲಿಲ್ಲ. ಮಿಕ್ಕವರು ಬರೆದಿದ್ದರು, ಚೆನ್ನಾಗಿಯೇ ಬರೆದಿದ್ದರು. ಒಂದರಲ್ಲಂತೂ ಇಡೀ ಅಧ್ಯಾಯ. ಲೈನಿನವರು ಬಂದಲ್ಲೆಲ್ಲ ಅವರನ್ನು ಗದರುವ ರೈಟರೂ ಬರುತ್ತಿದ್ದ. ಗಂಗಾಮಣಿ ಎಲ್ಲಿಂದ ಎಲ್ಲಿಗೆ ಹಾರಿದ್ದಾರೆಂದು ನನಗೆ ಆಗ ಅರ್ಥವಾಯಿತು. ಮನೆಗೊಯ್ದು ಕಣ್ಣಾಡಿಸುತ್ತಿದ್ದುದು ಇದಕ್ಕೇ! ಪುಸ್ತಕಗಳನ್ನು ಲೈಬ್ರರಿಯ ಬೆಂಚಿನ ಮೇಲೆ ಸಿಟ್ಟಿನಿಂದ ಕುಕ್ಕಿದೆ.

ಅದನ್ನು ಭದ್ರಮ್ಮನಿಗೆ ಹೇಳದೆ ಮುಚ್ಚಿಡುವ ಮಾತೇ ಇರಲಿಲ್ಲ. ಹೇಳಿದೆ. ಅವರು ಬೈಯಲಿಲ್ಲ, ಕೂಗಾಡಲಿಲ್ಲ. ಅವರ ಬಾಯಿ ಗೊತ್ತಿದ್ದ ನನಗೆ ಅದೇ ಹೆದರಿಕೆಯಾಯಿತು. ಭಾನುವಾರ ಕುಂಟಿಕೊಂಡೇ ಬಂದು ತಮ್ಮ ಜಾಗದಲ್ಲಿ ಕೂತರು. ಗಂಗಾಮಣಿ ಹೊಸ ಪುಸ್ತಕ ತೆರೆದರು. ಭದ್ರಮ್ಮ ಹಳೆಯದನ್ನು ಅವರ ಮುಂದಿಟ್ಟು, “ಕೂಸು ಅಳೋದು ಓದ್ರಿ,” ಎಂದರು.

ಗಂಗಾಮಣಿಯ ಮುಖ ಬಿಳುಚಿಕೊಂಡಿತು. ಯಾವುದು, ಏನು ಎಂದು ಕೇಳಲಿಲ್ಲ. ಕನ್ನಡಕ ತೆಗೆದಿಟ್ಟು, “ನಿನ್ ಮನಸ್ಸಿಗೆ ನೋವಾಗುತ್ತೆ ಅಂತ ಬಿಟ್ಟೆ ಭದ್ರಾ,” ಎಂದರು.

“ನನ್ ನೋವು ನನಗೆ ಗೊತ್ತಿಲ್ವಾ?”

“ಹಾಗಲ್ಲ ಕಣೇ... ಯಾವ ಪುಸ್ತಕ ತೆಗೆದ್ರೂ ರೈಟರ್ ಅಂದ್ರೆ ರಾಕ್ಷಸ. ಇಷ್ಟು ಜನದ ಮುಂದೆ ನನ್ನ ಬಾಯಿಂದಲೇ ನಮ್ ಯಜಮಾನ್ರನ್ನ ಬೈಬೇಕಿತ್ತಾ ನಾನು?”

“ಇದ್ರಲ್ಲಿ ನಿಮ್ ಯಜಮಾನ್ರ ಹೆಸರು ಎಲ್ಲೈತೆ?” ಎಂದು ಭದ್ರಮ್ಮ ಕೇಳಿದರು.

ಗಂಗಾಮಣಿ ತಲೆ ತಗ್ಗಿಸಿದರು. ಭದ್ರಮ್ಮನೇ ಮುಂದುವರಿಸಿದರು.

“ನಾನು ಹೇಳ್ತೀನಿ ಕೇಳಿ. ನನ್ ರಶ್ಮಿ ಜೋಲಿಯಲ್ಲಿ ಅಳೋವಾಗ ಕೆಳಗೆ ನಿಂತಿದ್ದೋರು ಅವರೇ. ಇಷ್ಟು ವರ್ಷ ನಿಮ್ ಮುಂದೆ ಒಂದು ಮಾತು ಆಡಿದ್ನಾ? ನಿಮ್ಮನೇಲಿ ಕೂತು ಕಾಫಿ ಕುಡ್ಯೋವಾಗ ಗೋಡೆ ಮೇಲಿನ ಅವರ ಫೋಟೋ ನೋಡ್ಕಂಡು ಸುಮ್ಕಿದ್ದೆ. ನಿಮಗೆ ನೋಯ್ತದೆ ಅಂತ ನುಂಗ್ಕಂಡಿದ್ದೆ ಕಣ್ರೀ. ನಾನು ಹೇಳ್ದೆ ಇದ್ದಿದ್ದನ್ನ ಯಾರೋ ಪುಣ್ಯಾತ್ಮ ಬರ್ದಿದ್ದ. ಅವನ ಬಾಯೂ ಮುಚ್ಚಿಬುಟ್ರಲ್ಲ ನೀವು! ಮುಚ್ಚಿಬುಟ್ಟು, ಬರೆದೋರೇ ಬರೆದಿಲ್ಲ ಅಂತ ನನ್ನ ಮೇಲೆ ಮರುಕ ಬೇರೆ ಪಟ್ರಿ.”

ಎದ್ದು ಹೊರಟರು. ಗಂಗಾಮಣಿ, “ಭದ್ರಾ, ಈಗ ಓದ್ತೀನಿ ಕೂತ್ಕೋ,” ಎಂದು ಅಳುತ್ತಲೇ ಪುಸ್ತಕ ಕೈಗೆತ್ತಿಕೊಂಡರು. ಭದ್ರಮ್ಮ ತಿರುಗಿ ನೋಡಲಿಲ್ಲ. ಗಂಗಾಮಣಿಯ ಸಂಕಟ ನನಗೆ ಅರ್ಥವಾಗದೆ ಇಲ್ಲ. ಅರ್ಥವಾದರೂ ಸಿಟ್ಟು ಇಳಿಯುವುದಿಲ್ಲ, ಏನು ಮಾಡಲಿ? ಬಳಗ ಅಲ್ಲಿಗೇ ಮುಗಿಯಿತು.

ಭದ್ರಮ್ಮ ಈಗಲೂ ಅಂಗಡಿಗೆ ಬರುತ್ತಾರೆ, ಫಾಲ್ಸ್ ಹಚ್ಚುತ್ತಾರೆ. ಲಾರಿಯವರನ್ನು ಬೈಯುವುದು ಬಿಟ್ಟಿದ್ದಾರೆ. ನನಗೆ ತಡೆಯಲಾಗಲಿಲ್ಲ. ಲೈನಿನವರ ಬದುಕನ್ನೇ ಕುರಿತ ಒಂದು ದಪ್ಪ ಕಾದಂಬರಿಯನ್ನು ಹುಡುಕಿ ತಂದು, ಹೋದ ಭಾನುವಾರ ಆನೇಮಹಲಿನ ಅವರ ಮನೆಗೆ ಹೋದೆ. “ಒಂದಕ್ಷರ ಬಿಡದೆ ಓದ್ತೀನಿ, ಕೇಳಿ ಭದ್ರಮ್ಮ,” ಎಂದು ಗೋಡೆಗೊರಗಿ ಕುಳಿತು ಓದತೊಡಗಿದೆ. ಮೊದಲ ಪುಟದಲ್ಲೇ ಲೈನು, ಒಲೆಯ ಹೊಗೆ, ಬೆಳಗಿನ ಹಾಜರಿಯ ಗಂಟೆ. ಅವರು ಕೇಳುತ್ತಿದ್ದರು. ಆದರೆ ಕಣ್ಣು ನನ್ನ ಬೆರಳುಗಳ ಮೇಲಿತ್ತು. ನಾನು ಹಾಳೆ ತಿರುವಿದಾಗಲೆಲ್ಲ ಒಂದೇ ತಿರುವಿದೆನೋ ಎರಡೋ ಎಂದು ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೈ ಚಾಚಿ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

“ಬೇಜಾರ್ ಮಾಡ್ಕಬ್ಯಾಡ ಡೆಲ್ಸಿ. ನೀನೂ ನಡುನಡುವೆ ಬುಟ್ಬುಟ್ಟು ಓದಿದ್ರೆ ನನಗೆ ಹೆಂಗೆ ಗೊತ್ತಾಗ್ಬೇಕು?”

ನಾನು ಕೊರಳಲ್ಲಿದ್ದ ಶಿಲುಬೆ ಹಿಡಿದುಕೊಂಡು, “ದೇವರಾಣೆಗೂ ಬಿಡಲ್ಲ, ಭದ್ರಮ್ಮ!” ಎಂದೆ.

“ಗಂಗಕ್ಕನ್ನ ಆಣೆ ಇಲ್ದೇನೇ ನಂಬಿದ್ದೆ,” ಎಂದರು. “ಈಗ ನೀನು ಆಣೆ ಮಾಡಿದ್ರೂ ನಂಬಕ್ಕೆ ಆಗ್ತಿಲ್ಲ ಕಣವ್ವ.”