ಷೇರು ಮಾರಿದ್ದು ಎಲ್ಲಿ?

ಹನೂರಿನ ಪುಟ್ಟಮ್ಮನವರ ಕೇಸು ಕೊಳ್ಳೇಗಾಲದ ಕೋರ್ಟಿನಲ್ಲಿತ್ತು. ನಾನು ಅವರ ವಕೀಲ. ತೀರಿಹೋದ ಗಂಡನಿಂದ ಬಂದಿದ್ದ ಷೇರುಗಳನ್ನು ಬ್ರೋಕರು ಅವರಿಗೆ ಹೇಳದೆ ಕೇಳದೆ ಮಾರಿದ್ದ. ಕರಾರಿನ ಪ್ರಕಾರ ವ್ಯಾಜ್ಯ ಮುಂಬೈಯಲ್ಲೇ ನಡೆಯಬೇಕು ಎಂಬುದು ಅವನ ವಾದ. ಮೈಸೂರಿಗೂ ಒಬ್ಬರೇ ಹೋಗದ ಪುಟ್ಟಮ್ಮನವರಿಗೆ ಮುಂಬೈ ಎಂದರೆ ಕೇಸು ಅಲ್ಲಿಗೇ ಮುಗಿದಂತೆ.

"ಮಾರಾಟ ಆದಾಗ ನೀವು ಎಲ್ಲಿದ್ರಿ?" ಜಡ್ಜು ಕೇಳಿದರು.

"ಯಳಂದೂರಿನ ತಂಗಿ ಜೊತೆ ಬಿಳಿಗಿರಿರಂಗನ ಬೆಟ್ಟಕ್ಕೆ ಓಗಿದ್ದೆ ಸಾ. ಷೇರು ಮಾರವ್ರೆ ಅಂತ ಮೆಸೇಜು ಬಂದಾಗ ಮಂಜು ಕವ್ಕಂಡಿತ್ತು. ಕೈಲಿದ್ದ ಫೋನೂ ಸರ್ಯಾಗಿ ಕಾಣ್ತಿರ್ನಿಲ್ಲ."

ಫ್ಯಾನಿನ ಸದ್ದು ದೂರ ಸರಿದು, ಆ ಮಂಜೇ ಮೆಲ್ಲಗೆ ಕಟಕಟೆಯ ಸುತ್ತ ಇಳಿದು, ಮುಂಬೈ, ಹನೂರು ಎಲ್ಲವೂ ಅದರೊಳಗೆ ಕರಗಿಹೋದಂತೆ ನನಗನ್ನಿಸಿತು.

ಜಡ್ಜು ಕರಾರಿನ ಹಾಳೆ ತಿರುವಿದರು. ಮುಂಬೈ ಎಂದು ಬರೆದಿದ್ದ ಪುಟದಲ್ಲಿ ಪುಟ್ಟಮ್ಮನವರ ಸಹಿಯೇ ಇರಲಿಲ್ಲ. ಉಳಿದ ಸಹಿಗಳನ್ನೆಲ್ಲ ಬ್ರೋಕರು ಕೊಳ್ಳೇಗಾಲದಲ್ಲೇ ಹಾಕಿಸಿಕೊಂಡಿದ್ದ. ಕೇಸು ಇಲ್ಲೇ ನಡೆಯಲಿ ಎಂದು ಆದೇಶವಾಯಿತು.

ಹೊರಗೆ ಬಂದಮೇಲೆ ಪುಟ್ಟಮ್ಮನವರು ನನ್ನ ಕೈ ಹಿಡಿದುಕೊಂಡರು. "ಗೆದ್ವಾ ಸಾ?"

"ಇಲ್ಲಮ್ಮ, ಇಲ್ಲೇ ಜಗಳ ಆಡ್ಬೋದು ಅಂತ ಆಯ್ತು."

"ಅಷ್ಟು ಹೇಳಕ್ಕೆ ಎರಡು ವರ್ಷ ಬೇಕಾಯ್ತಾ?"

ಹನೂರಿನ ಬಸ್ಸು ಬಂತು ನೋಡಿ, ಅಂದೆ.