ಗೊಬ್ಬರಗುಂಡಿಗೆ ಹಾಕಿದ ಸಕ್ಕರೆಯ ಹಾಳೆ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದಾಗ ನನಗೆ ಒಂದೇ ಹುಚ್ಚು, ಮಣ್ಣಿನಲ್ಲಿ ಕರಗಿಹೋಗುವ ಪ್ಲಾಸ್ಟಿಕ್ಕು. ಸಕ್ಕರೆಯನ್ನು ಹುಳಿ ಬರಿಸಿದರೆ ಮೊಸರಿನಲ್ಲಿರುವಂಥದೇ ಆಮ್ಲ ಸಿಗುತ್ತದೆ. ಅದನ್ನು ಕಾಯಿಸಿ ನೀರು ತೆಗೆಯುತ್ತ ಹೋದರೆ ಅಣುಗಳು ಒಂದಕ್ಕೊಂದು ಕೂಡಿ ಉದ್ದನೆಯ ಸರವಾಗುತ್ತವೆ. ಬರೆಯಲು ಸುಲಭ, ನನಗೆ ಮಾತ್ರ ತಿಂಗಳುಗಟ್ಟಲೆ ಬರೀ ಅಂಟುಪಾಕವೇ ಬರುತ್ತಿತ್ತು. ಕೊನೆಗೊಮ್ಮೆ ಅಂಗೈಯಗಲದ ತಿಳಿ ಹಾಳೆ ಎದ್ದು ಬಂದಾಗ ಅದನ್ನು ಅಮ್ಮನಿಗೆ ತೋರಿಸಲೆಂದೇ ನಮ್ಮೂರು ಕಾಯ್ಕಿಣಿಗೆ ತಂದೆ.

"ಸಕ್ರೆದಾ? ಇರುವೆ ಬರೂದಿಲ್ವಾ?" ಅಂದಳು ಅಮ್ಮ.

ಕರಗದಿದ್ದರೆ ನನ್ನ ದುಡಿಮೆಯೆಲ್ಲ ನೀರುಪಾಲು. ಕೊಟ್ಟಿಗೆಯ ಹಿಂದಿನ ಬಿಸಿ ಗೊಬ್ಬರಗುಂಡಿಯಲ್ಲಿ ಅದನ್ನು ಹೂತೆ. ಹೋಲಿಸಿ ನೋಡಲು ಪಕ್ಕದಲ್ಲಿ ಪೇಟೆಯ ಕವರಿನ ತುಂಡನ್ನೂ ಹೂತೆ.

ಮುಂದಿನ ರಜೆಗೆ ಬಂದು ಅಗೆದರೆ ಎರಡೂ ಇಲ್ಲ! ನನ್ನದು ಕರಗಿತೆನ್ನೋಣ, ಪೇಟೆಯ ಕವರೂ ಕರಗಿತೇ? ಅಲ್ಲಿಂದಲೇ ಅಮ್ಮನನ್ನು ಕೂಗಿದೆ.

"ಗೊಬ್ರ ಗದ್ದೆಗೆ ಹೊರೂಕಿತ್ತು. ಕವರು ಹೆಕ್ಕಿ ಬಿಸಾಕ್ದೆ," ಅಂದಳು.

ನಮ್ಮ ಹೆಂಗಸರು ಗೊಬ್ಬರಕ್ಕೆ ಕೈಯಾಡಿಸಿ ಗಾಜು, ಪ್ಲಾಸ್ಟಿಕ್ಕು ಹೆಕ್ಕದೆ ಬುಟ್ಟಿ ತುಂಬುವುದಿಲ್ಲ. ಗದ್ದೆಯಲ್ಲಿ ಎಲ್ಲರದೂ ಬರಿಗಾಲು. ಇಷ್ಟು ಓದಿದ ನನಗೆ ಅದು ಹೊಳೆದಿರಲಿಲ್ಲ.

"ಮತ್ತೆ ನನ್ನದು?"

"ನಿಂದು ಬಿಸಾಕ್ತೆನಾ?" ಟ್ರಂಕಿನೊಳಗಿನ ಸೀರೆಯ ಮಡಿಕೆಯಿಂದ ಅಮ್ಮ ಅದನ್ನು ತೆಗೆದು ಕೊಟ್ಟಳು. ತೊಳೆದು ಒರೆಸಿ ಇಟ್ಟಿದ್ದಳು. ನೆತ್ತಿಗೇರಿದ್ದ ನನ್ನ ಸಿಟ್ಟು ಅಲ್ಲೇ ಇಳಿಯಿತು.

"ಅಮ್ಮಾ, ಇದು ಮಣ್ಣಾಗಲಿ ಅಂತಲೇ ಮಾಡಿದ್ದು."

"ಮಣ್ಣಾಗೂಕೆ ಯಾರಾದ್ರೂ ಇಷ್ಟು ಕಷ್ಟ ಬೀಳ್ತ್ರಾ?"

ಎಷ್ಟು ವಿವರಿಸಿದರೂ ಅವಳಿಗೆ ಸಮಾಧಾನವಿಲ್ಲ. ಆದರೂ, "ಆತು, ನಾನೇ ಹುಗೀತೆ," ಎಂದು ಇಸಿದುಕೊಂಡಳು. ಕವರಿನ ಇನ್ನೊಂದು ತುಂಡಿನ ಜೊತೆ ಅದನ್ನು ಗುಂಡಿಯ ಮೂಲೆಗೆ ಹಾಕಿ, ಮೇಲೆ ಸಗಣಿ ಸುರಿದು, ಸ್ವಲ್ಪ ಹೊತ್ತು ಅಲ್ಲೇ ನಿಂತಳು.

ಮಳೆಗಾಲ ಕಳೆದ ಮೇಲೆ ಹಾಸ್ಟೆಲಿಗೆ ಅಮ್ಮನ ಫೋನ್ ಬಂತು. ಹಸು ಕರು ಹಾಕಿದ ಸುದ್ದಿ, ಮುರ್ಡೇಶ್ವರದಲ್ಲಿ ಮೀನಿನ ರೇಟು, ಎಲ್ಲ ಹೇಳಿದಳು. ಹೇಳಬೇಕಾದದ್ದು ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

"ಎಂತ ಆತಮ್ಮಾ?"

"ಬೇಜಾರು ಮಾಡ್ಕಬೇಡ ಮಗಾ. ಕವರಿನ ತುಂಡು ಇದ್ದಾಂಗೇ ಇತ್ತು. ನಿಂದು ಕೈಯಲ್ಲಿ ಹಿಡಿದದ್ದೇ ಪುಡಿಯಾಗಿ ಹೋತು. ಉಳಿಸೂಕೆ ಆಗ್ಲಿಲ್ಲ."

ನಾನು ಕುಣಿಯಬೇಕಾಗಿದ್ದ ಗಳಿಗೆ ಅದು. ಆ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು.

"ಇನ್ನೊಂದು ಮಾಡ್ತೆ ಅಮ್ಮಾ," ಅಂದೆ. "ಅದನ್ನ ನೀನೇ ಇಟ್ಕೊ."